ಟಿಟ್ಟಿಭದ ಬೇಸಿಗೆ

ಅಣ್ಣಾ ನಗರದ ನಮ್ಮ ಎದುರುಮನೆಯವರು ಮೊನ್ನೆ ತಾರಸಿಯಲ್ಲಿ ಸಂಡಿಗೆ ಇಟ್ಟಿದ್ದರು. ಇಂಗು, ಹಸಿಮೆಣಸು, ಬೆಂದ ಸಬ್ಬಕ್ಕಿಯ ಘಮ ಕಿಟಕಿಯಿಂದ ಒಳಬಂದದ್ದೇ ತಡ, ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಟ್ಟೆ. ತಿರುವೊಟ್ಟಿಯೂರಿನ ನಮ್ಮ ಹೋಟೆಲು, ಅದರ ಬೆನ್ನಿಗೇ ಇದ್ದ ಮನೆ, ಒದ್ದೆ ಸೆರಗನ್ನು ತಲೆಗೆ ಹೊದ್ದು ಸಂಡಿಗೆ ಇಡುತ್ತಿದ್ದ ಅಜ್ಜಿ, ಎಲ್ಲ ಒಟ್ಟಿಗೇ ಕಣ್ಣೆದುರು ಬಂದು ನಿಂತವು. ಜಡಿಮಳೆಯ ಉಡುಪಿ ಕಡೆಯಿಂದ ಬಂದ ಅಜ್ಜಿಗೆ ಮದರಾಸಿನ ಬಿಸಿಲೆಂದರೆ ದೇವರು ಕೊಟ್ಟ ವರ. ಹುಣಸೆಹಣ್ಣು, ಹಾಸಿಗೆ, ಮದುವೆಯ ಪಟ್ಟೆಸೀರೆ, ಉಳಿಯಬೇಕಾದ್ದು ಯಾವುದೇ ಇರಲಿ, ಅದನ್ನು ಬಿಸಿಲಿಗೆ ಹಾಕಬೇಕು ಎನ್ನುವುದು ಅವಳ ವೇದ. ಮಕ್ಕಳಾದ ನಮ್ಮನ್ನೊಂದು ಹರಡಿ ಒಣಗಿಸುತ್ತಿರಲಿಲ್ಲ, ಅಷ್ಟೆ. ನಿಮ್ಮ ಮನೆಯಲ್ಲೂ ಅಂಥ ಒಬ್ಬಳು ಇದ್ದಿರಬೇಕು.

ಚಿಕ್ಕಪ್ಪನಿಗೆ ಬಿಸಿಲು ಬೇಕಿದ್ದದ್ದು ಬೇರೆ ಕಾರಣಕ್ಕೆ. ಅವನಿಗೆ ಫೋಟೋದ ಹುಚ್ಚು, ಅದೂ ಹಕ್ಕಿಗಳದ್ದು. ಕಾರ್ಖಾನೆಗಳ ಗೋಡೆಗಳ ನಡುವೆ ಉಳಿದಿದ್ದ ಒಂದು ಬಯಲಿನಲ್ಲಿ ಬೇಸಿಗೆ ಬಂತೆಂದರೆ ಟಿಟ್ಟಿಭ ಬರಿನೆಲದ ಮೇಲೆ ಮೊಟ್ಟೆಯಿಡುತ್ತಿತ್ತು. ಆ ವರ್ಷ ಪತ್ರಿಕೆಯೊಂದರವರು, ಬೇಸಿಗೆಯ ಚಿತ್ರಗಳನ್ನು ತನ್ನಿ, ಮೆಚ್ಚಿಗೆಯಾದರೆ ಕೆಲಸ ಕೊಡುತ್ತೇವೆ ಎಂದಿದ್ದರು. ಹೋಟೆಲು ನಡೆಸುತ್ತಿದ್ದ ಅಜ್ಜನೂ ಒಪ್ಪಿದ್ದರು. "ಕೆಲ್ಸ ಸಿಕ್ಕಿದ್ರೆ ಹೋಗು. ಸಿಗ್ಲಿಲ್ಲಾಂದ್ರೆ ಬಾಯಿ ಮುಚ್ಚಿ ಗಲ್ಲಾದಲ್ಲಿ ಕೂತ್ಕೊ." ಶಾಲೆಗೆ ರಜೆಯಿದ್ದ ನಾನು ಕೊಡೆ, ನೀರಿನ ಬಾಟಲಿ ಹೊತ್ತು ಚಿಕ್ಕಪ್ಪನ ಬೆನ್ನು ಹಿಡಿದೆ. ಮಧ್ಯಾಹ್ನದ ಉರಿಯಲ್ಲಿ ಹಕ್ಕಿ ಪಕ್ಕದ ಹೊಂಡಕ್ಕೆ ಹೋಗಿ, ಹೊಟ್ಟೆಯ ಗರಿ ನೆನೆಸಿಕೊಂಡು ಬಂದು, ತಂಪಾಗಲೆಂದು ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಅದು ಕ್ಯಾಮೆರಾಕ್ಕೆ ಸಿಕ್ಕಿದ ದಿನ ಚಿಕ್ಕಪ್ಪ, "ಪಾತ್ತಿಯಾ, ನೋಡಿದ್ಯಾ ಪುಟ್ಟಿ, ಹೇಗೆ ಕೂತಿದೆ!" ಎಂದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಮತ್ತೆಂದೂ ನೋಡಲಿಲ್ಲ.

ಫಿಲ್ಮು ತೊಳೆದು ಚಿತ್ರ ಮಾಡಿಕೊಡುವ, ಅವನಿಗೆ ನಂಬಿಕೆಯಿದ್ದ ಸ್ಟುಡಿಯೋದವರು ಊರಿಗೆ ಹೋಗಿದ್ದರು. ಅವರು ಬರುವವರೆಗೆ ಇರಲೆಂದು ರೀಲುಗಳನ್ನೆಲ್ಲ ಹಪ್ಪಳದ ಡಬ್ಬಿಗೆ ಹಾಕಿ ಅಜ್ಜಿಯ ಕೈಗೆ ಕೊಟ್ಟಿದ್ದ. "ಜೋಪಾನ ಅಮ್ಮ. ಈ ಕಡಲಿನ ತೇವಕ್ಕೆ ಬೂಷ್ಟು ಹಿಡಿದ್ರೆ ನನ್ನ ಕತೆ ಮುಗೀತು."

ಬೂಷ್ಟು ಎಂದ ಮೇಲೆ ಅಜ್ಜಿ ಬಿಟ್ಟಾಳೆಯೇ? ಒಂದು ದಿನ ನಾವು ಬಯಲಿನಿಂದ ಬಂದು ತಾರಸಿ ಹತ್ತಿದರೆ, ಬಿಳಿ ಪಂಚೆಯ ಮೇಲೆ ಸಂಡಿಗೆ. ಅದರ ಪಕ್ಕದಲ್ಲೇ, ಪೂರ್ತಿ ಎಳೆದು ಬಿಡಿಸಿ, ಗಾಳಿಗೆ ಹಾರದಂತೆ ತುದಿಗೊಂದು ಕಲ್ಲು ಹೇರಿಟ್ಟ ಫಿಲ್ಮು. ತೊಳೆಯದ ಫಿಲ್ಮಿಗೆ ಬೆಳಕು ತಾಗಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ ಎಂದು ಚಿಕ್ಕಪ್ಪ ನನಗೂ ಹೇಳಿಕೊಟ್ಟಿದ್ದ.

"ಮುಟ್ಟಿದ್ರೆ ತಣ್ಣಗಿತ್ತು ಮಾಣಿ. ಈಗ ನೋಡು, ಗರಿಗರಿ ಒಣಗಿದೆ. ಇನ್ನೆಂತ ಹೆದ್ರಿಕೆ ಇಲ್ಲ," ಎಂದಳು ಅಜ್ಜಿ. ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು. ಅಷ್ಟು ಹೊತ್ತೂ ಕಾಗೆ ಬಾರದಂತೆ ಅಲ್ಲೇ ಕಾದು ಕೂತಿದ್ದಳು.

ಚಿಕ್ಕಪ್ಪ ಬಗ್ಗಿ ತುದಿಯ ಕಲ್ಲು ತೆಗೆದ. ಆಮೇಲೆ, "ಒಳ್ಳೇದಾಯ್ತಮ್ಮ," ಎಂದ. ಕೂತು ಒಂದೊಂದನ್ನೇ ಸುತ್ತಿ ಡಬ್ಬಿಗೆ ಹಾಕಿದ. ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದು, "ಅಜ್ಜಿಗೆ ಹೇಳ್ಬೇಡ," ಎಂದಷ್ಟೇ ಹೇಳಿದ. ಮತ್ತೆ ಚಿತ್ರ ತೆಗೆಯೋಣವೆಂದರೆ ಆಗಲೇ ಮರಿಗಳು ಮೊಟ್ಟೆಯೊಡೆದು ಹೊರಟುಹೋಗಿದ್ದವು, ಹೊಂಡ ಬತ್ತಿತ್ತು. ಮುಂದಿನ ಬೇಸಿಗೆಗೆ ಆ ಬಯಲಿನಲ್ಲಿ ಗೋದಾಮು ಎದ್ದಿತ್ತು.

ಅಜ್ಜಿ ಕೇಳಿದಾಗ ಚಿಕ್ಕಪ್ಪ, ಚಿತ್ರ ಚಂದ ಬಂದವು, ಪತ್ರಿಕೆಯವರೇ ಇಟ್ಟುಕೊಂಡರು, ಕೆಲಸಕ್ಕೂ ಕರೆದರು, ನಾನೇ ಬೇಡವೆಂದೆ ಎಂದುಬಿಟ್ಟ. ಅವಳು ಸಾಯುವವರೆಗೆ ಬಂದವರಿಗೆಲ್ಲ ಅದನ್ನೇ ಹೇಳಿದಳು. "ನಮ್ಮನ್ನು ಬಿಟ್ಟಿರ್ಲಿಕ್ಕೆ ಆಗ್ಲಿಲ್ಲ ಅವನಿಗೆ." ಚಿಕ್ಕಪ್ಪ ಗಲ್ಲಾದಲ್ಲಿ ಕೂತು ಅದನ್ನು ಕೇಳಿಸಿಕೊಂಡು ನಗುತ್ತಿದ್ದ. ನಾನು ಬಾಯಿ ಬಿಡಲಿಲ್ಲ.

ಹೋಟೆಲು, ಮನೆ ಎರಡೂ ಈಗಿಲ್ಲ. ಕಳೆದ ಬೇಸಿಗೆಯಲ್ಲಿ ಚಿಕ್ಕಪ್ಪನೂ ಹೋದ. ಮಾತಾಡಿಸಲು ಬಂದಿದ್ದ ಹಳೆಯ ಗಿರಾಕಿಯೊಬ್ಬರು ಕಣ್ಣೊರೆಸಿಕೊಳ್ಳುತ್ತ, "ಗಲ್ಲಾದಲ್ಲಿ ಕೂರಲೆಂದೇ ಹುಟ್ಟಿದ್ದ ಮನುಷ್ಯ ಅಮ್ಮಾ ಅವರು. ಬೇರೆ ಆಸೆಯೇ ಇರಲಿಲ್ಲ," ಎಂದು ತಮಿಳಿನಲ್ಲಿ ಹೇಳಿದರು. ಅಲ್ಲ ಎನ್ನಲು ಬಾಯಿ ತೆರೆದೆ. ತೋರಿಸಲು ನನ್ನ ಬಳಿ ಒಂದು ಚಿತ್ರವೂ ಇರಲಿಲ್ಲ.