ಜವಳಿ ಅಂಗಡಿಯ ಜಗಲಿ

ಪುರಭವನ ಸಮಿತಿಯ ಸಭೆಗೆಂದು ಮೇಜಿಗೆ ಹಾಸಿದ್ದ ಹೊಸ ಬಟ್ಟೆಯಲ್ಲಿ ಮಡಿಕೆಯ ಗೆರೆಗಳು ಇನ್ನೂ ಎದ್ದು ನಿಂತಿದ್ದವು. ಅದರ ಮೇಲೆ ನನ್ನ ನಕ್ಷೆಯ ಸುರುಳಿ ಬಿಚ್ಚಿ ಹರಡುವಾಗ ಗಂಜಿಯ ವಾಸನೆ ಬಂತು. ಕುಂದಾಪುರದ ಹಳೆಯ ಜವಳಿ ಅಂಗಡಿಯ ಯಜಮಾನರು ನೆನಪಾದರು.

ಅವರ ಅಂಗಡಿಯ ಜಗಲಿ ರಸ್ತೆಗೇ ತೆರೆದಿತ್ತು. ಮೀನು ಮಾರಿ ಮುಗಿಸಿದ ಹೆಂಗಸರು ಬೈಂದೂರಿನ ಬಸ್ಸಿಗೆ ಕಾಯುತ್ತ ಅಲ್ಲೇ ಕೂರುತ್ತಿದ್ದರು. ಅವರಲ್ಲಿ ನನ್ನ ಅಮ್ಮಮ್ಮನೂ ಒಬ್ಬಳು. ರಜೆಯಲ್ಲಿ ನಾನೂ ಅವಳ ಜೊತೆ ಇರುತ್ತಿದ್ದೆ.

“ಹ್ವಾಯ್, ಬುಟ್ಟಿ ಆಚಿಗೆ ಇಡಿ ಕಾಂಬ. ಸೀರಿಯೆಲ್ಲಾ ಬಂಗ್ಡಿ ವಾಸ್ನಿ ಬತ್ತ್” ಎಂದು ಯಜಮಾನರು ದಿನವೂ ಗೊಣಗುತ್ತಿದ್ದರು.

“ಹಂಗಾರೆ ಆ ಸೀರಿಗೆ ಜಾಸ್ತಿ ದುಡ್ಡ್ ತಕಣಿ ಒಡ್ಯರೆ!” ಎನ್ನುತ್ತಿದ್ದಳು ಅಮ್ಮಮ್ಮ. ಬುಟ್ಟಿ ಒಂದು ಗೇಣು ಸರಿಯುತ್ತಿತ್ತು, ಅಷ್ಟೆ...

ಒಮ್ಮೆ ಮದುವೆ ಜವಳಿಗೆ ಬಂದವರು ಬುಟ್ಟಿಗಳನ್ನು ಕಂಡು, ಮೂಗು ಮುಚ್ಚಿಕೊಂಡು ಹೊರಟೇಹೋದರು. ಅಂದು ಯಜಮಾನರು ನಿಜವಾಗಿ ಸಿಟ್ಟಾಗಿ ಎಲ್ಲರನ್ನೂ ಎಬ್ಬಿಸಿದರು. ಮರುದಿನ ಹೆಂಗಸರು ಎದುರು ಬದಿಯ ಬಿಸಿಲಲ್ಲಿ ಕೂತರು. ಯಜಮಾನರು ಸ್ವಲ್ಪ ಹೊತ್ತು ಬಟ್ಟೆಯ ಥಾನು ಬಿಚ್ಚಿದರು, ಸುತ್ತಿದರು... ಕೊನೆಗೆ ಕೊರಳಲ್ಲಿ ಟೇಪು ಇದ್ದಂತೆಯೇ ರಸ್ತೆ ದಾಟಿ ಬಂದರು.

“ಬಿಸ್ಲಂಗೆ ಎಂತಕ್ಕೆ ಕೂಕಂಡಿದ್ರಿ?”

“ಒಣ್‌ಮೀನ್ ಆಪುಕೆ” ಅಂದಳು ಅಮ್ಮಮ್ಮ.

ಅವರು ನಗಲಿಲ್ಲ. ಅವಳ ಬುಟ್ಟಿಯನ್ನು ತಾವೇ ಎತ್ತಿಕೊಂಡು ಜಗಲಿಗೆ ಹಿಂದಿರುಗಿದರು.

ಈಗ ಅವರೂ ಇಲ್ಲ, ಅಮ್ಮಮ್ಮನೂ ಇಲ್ಲ. ಆ ಅಂಗಡಿ ಸಾಲನ್ನು ಕೆಡವಿದ ಜಾಗದಲ್ಲಿ ಪುರಭವನ ಬರಲಿದೆ. ಕೆಳಗೆ ಅಂಗಡಿಗಳು, ಮೇಲೆ ಗ್ರಂಥಾಲಯ, ಸಭಾಂಗಣ. ನಕ್ಷೆ ನನ್ನದು. ಮೀನು ಮಾರುವವರು ಇಂದಿಗೂ ಅಲ್ಲಿ ನಿಂತೇ ಬಸ್ಸು ಕಾಯುತ್ತಾರೆಂದು, ರಸ್ತೆಯ ಕಡೆ ಉದ್ದಕ್ಕೂ ಜಗಲಿ ಬರೆದಿದ್ದೆ.

ಸಮಿತಿಯ ಹಿರಿಯರೊಬ್ಬರು ಅದರ ಮೇಲೆ ಬೆರಳಿಟ್ಟರು. “ಇಲ್ಲ್ ಇನ್ನೂ ನಾಲ್ಕ್ ಅಂಗ್ಡಿ ಹಿಡಿತ್ತ್. ಕೂಕಂಬವ್ರಿಗೆ ಮೇಲೆ ಕ್ಯಾಂಟೀನ್ ಇತ್ತಲೆ, ಮೇಡಂ?”

“ಬುಟ್ಟಿ ಹೊತ್ಕಂಡ್ ಮೇಲೆ ಹತ್ತೂದಾ?” ಎಂದೆ.

“ಬುಟ್ಟಿಯೋರಿಗೆ ಪುರಭವನ ಎಂತಕ್ಕೆ?”

ಎಲ್ಲರೂ ನಕ್ಕರು. ಅಮ್ಮಮ್ಮನ ವಿಷಯ ನಾನು ಹೇಳಲಿಲ್ಲ. ಹೇಳಿದ್ದರೆ ವಾದ ಹೋಗಿ ಮನೆಕತೆಯಾಗುತ್ತಿತ್ತು. ನಕ್ಷೆ ಸುತ್ತಿಕೊಂಡು ಸಿಟ್ಟಿನಲ್ಲೇ ಹೊರಬಂದೆ. ಸಾರ್ವಜನಿಕರಿಗಾಗಿ ಎಂದು ಫಲಕ ಬರೆಸಲು ಹೊರಟವರಿಗೆ, ಏನನ್ನೂ ಕೊಳ್ಳದೆ ಸುಮ್ಮನೆ ಕೂರುವವರು ಸಾರ್ವಜನಿಕರಾಗಿ ಕಾಣಲೇ ಇಲ್ಲ.

ಮರುದಿನ ಬೆಳಿಗ್ಗೆ, ಅವರು ಕೇಳಿದ ನಾಲ್ಕು ಅಂಗಡಿಗಳನ್ನೂ ಬರೆದೆ. ಆಳ ಕಡಿಮೆ ಮಾಡಿ ಷಟರುಗಳನ್ನು ಒಳಕ್ಕೆ ಸರಿಸಿದೆ. ಮುಂದೆ ಉಳಿದ ಜಾಗದಲ್ಲಿ, ಕೂರುವಷ್ಟು ಅಗಲದ ಎರಡು ಹಂತ ಎಳೆದು, ಮೇಲಿನ ಚಾವಣಿಯನ್ನು ರಸ್ತೆಯವರೆಗೆ ಚಾಚಿದೆ. ಜಗಲಿ ಎಂದು ಎಲ್ಲೂ ಬರೆಯಲಿಲ್ಲ. ‘ಮೆಟ್ಟಿಲು’ ಎಂದು ಬರೆದು ಕಳಿಸಿದೆ.