ವುಲುಂಗ್ ಹೊಳೆಯ ಬಲದಂಡೆ

ಪಾಕ್ ಕಸಿರಾನ್ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು; ಪಾಕ್ ಅಂದರೆ ನಮ್ಮಲ್ಲಿ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಮಾತು. ನಾನು ಅಲ್ಲೇ ಲೆಕ್ಕ ಕಲಿಸುತ್ತಿದ್ದೆ. ಶಾಲೆ ಇದ್ದದ್ದು ಜಾವಾದ ಒಂದು ಜ್ವಾಲಾಮುಖಿಯ ಬುಡದಲ್ಲಿ, ವುಲುಂಗ್ ಹೊಳೆಯ ಬಲದಂಡೆಗೆ.

ಮನುಷ್ಯ ಸಾಧು. ಆದರೆ ಒಂದು ವಿಚಾರ ಅವರ ತಲೆಯಲ್ಲಿ ಬೇರೂರಿತ್ತು: ನೆನಪು ಬರೀ ಮಿದುಳಿನ ಸೊತ್ತಲ್ಲ, ಜಾಗಕ್ಕೂ ವಸ್ತುವಿಗೂ ಅದು ಇದೆ. ಒಮ್ಮೆ ನಡೆದದ್ದು ಕಾಲುದಾರಿಯಂತೆ ಗುರುತು ಬಿಡುತ್ತದೆ. ಎರಡನೇ ಸಲ ನಡೆಯುವುದು ಸುಲಭ. ಪುರಾವೆಗೆಂದು ವರ್ಷವರ್ಷವೂ ಮಕ್ಕಳಿಂದ ಸಕ್ಕರೆ ನೀರಿನಲ್ಲಿ ದಾರ ಇಳಿಬಿಡಿಸಿ ಕಲ್ಲುಸಕ್ಕರೆ ಕಟ್ಟಿಸುತ್ತಿದ್ದರು. ಪ್ರತಿ ವರ್ಷ ಹರಳು ಸ್ವಲ್ಪ ಬೇಗ ಕಟ್ಟುತ್ತಿತ್ತು.

"ಅಭ್ಯಾಸ ಆಗಿರೋದು ಸಕ್ಕರೆಗಲ್ಲ ಮಾಸ್, ನಿಮ್ಮ ಕೈಗೆ!" ಎಂದು, ನಮ್ಮ ಹೆಂಗಸರು ಗಂಡನನ್ನು ಕರೆಯುವಂತೆ ಕರೆದು, ಹೆಂಡತಿ ಪಾರ್ತಿನಾ ನಗುತ್ತಿದ್ದಳು. ಅವಳು ಕರಿಕಲ್ಲಿನ ಒರಳು ಕೆತ್ತುತ್ತಿದ್ದಳು, ನಾಲ್ಕಾರು ಮೇಕೆ ಸಾಕಿದ್ದಳು.

ಎಡದಂಡೆಯ ಒಂದು ಹುಲ್ಲುಗಾವಲಿಗೆ ಆ ಮೇಕೆಗಳು ಕಾಲಿಡುತ್ತಿರಲಿಲ್ಲ. ನನ್ನಜ್ಜಿ ಹುಡುಗಿಯಾಗಿದ್ದಾಗ ಬೆಟ್ಟದಿಂದ ಇಳಿದ ಸುಡುಬೂದಿಯ ಮೋಡ ಅಲ್ಲೇ ಒಂದು ಮಂದೆಯನ್ನು ನಿಂತಂತೆಯೇ ಸುಟ್ಟಿತ್ತು. ಪಾರ್ತಿನಾ ದೂರದ ಸಂತೆಯಿಂದ ಬೇರೆ ಮೇಕೆ ತಂದಳು. ಅವೂ ಮುಂದೆ ಹೋಗಲಿಲ್ಲ.

"ನೋಡಿದ್ರಾ? ಇವಕ್ಕೆ ಯಾರು ಹೇಳಿಕೊಟ್ರು?" ಎಂದು ಕಸಿರಾನ್ ಹಿಗ್ಗಿದರು.

ಮುಂದಿನ ಬೇಸಿಗೆಯಲ್ಲಿ ಮೇಕೆಗಳು ನಮ್ಮ ಶಾಲೆಯ ಅಂಗಳಕ್ಕೂ ಬರದಾದವು. ಬಾಳೆಸಿಪ್ಪೆ ತೋರಿಸಿದರೂ ಬೇಲಿಯಾಚೆ ನಿಂತು ನಡುಗುತ್ತಿದ್ದವು.

"ಈ ದಂಡೆಗೆ ಯಾವತ್ತೂ ಏನೂ ಆಗಿಲ್ವಲ್ಲ ಪಾಕ್," ಎಂದೆ.

"ಅದೇ ನನ್ನ ಭಯ. ಒಂದೋ ನಾನು ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು. ಇಲ್ಲಾಂದ್ರೆ ಇಲ್ಲೂ ಹಿಂದೆ ಏನೋ ಆಗಿದೆ, ನಮಗೆ ಗೊತ್ತಿಲ್ಲ; ಅದು ಈಗ ಮತ್ತೆ ಏಳ್ತಿದೆ."

ಭಾನುವಾರ ಗಂಡಹೆಂಡತಿ, ನಾನು ಮೂವರೂ ಧ್ವಜಕಂಬದ ಪಕ್ಕ ಅಗೆದೆವು. ಎದೆಯಾಳಕ್ಕೆ ಇಳಿದಾಗ ಬೂದಿ ಸಿಕ್ಕಿತು. ಅದರಡಿ ಇದ್ದಿಲಾದ ಒಂದು ಕಂಬ, ಗೋಡೆಯ ಮೂಲೆ. ಆ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡ ಸಣ್ಣ ಸಣ್ಣ ಎಲುಬು. ಪಾರ್ತಿನಾ ತಲೆಯ ಮೇಲಿನ ಬಟ್ಟೆ ತೆಗೆದು ಅವುಗಳ ಮೇಲೆ ಹೊದಿಸಿದಳು.

"ಮಕ್ಕಳು, ಮಾಸ್," ಎಂದಳು.

ಶಾಲೆಯನ್ನು ಬೇರೆಡೆ ಸಾಗಿಸಿ ಎಂದು ಕಸಿರಾನ್ ಕೇಳಿದಾಗ, ನಾವು ಇಬು, ಅಂದರೆ ಅಮ್ಮ, ಎನ್ನುವ ಮುಖ್ಯೋಪಾಧ್ಯಾಯಿನಿ ಸುಲಾಸ್ತ್ರಿ ಮೊದಲು ಸಿಡುಕಿದರು. "ಮೇಕೆ ಮಾತು ಕೇಳಿ ಶಾಲೆ ಎತ್ತಂಗಡಿ ಮಾಡ್ದೆ ಅಂತ ಮೇಲಿನವರಿಗೆ ಬರೀಲಾ?"

"ಮೇಕೆ ವಿಷ್ಯ ಬಿಡಿ ಇಬು. ಗುಂಡಿ ಹತ್ರ ಬನ್ನಿ," ಎಂದರು ಕಸಿರಾನ್.

ಬಂದರು, ಬಗ್ಗಿ ನೋಡಿದರು. ಮರುದಿನದಿಂದ ಪಾಠಗಳು ಮೂರು ಮೈಲಿ ಆಚೆಯ ಊರಿನ ಸಭಾಮಂಟಪದಲ್ಲಿ ನಡೆದವು.

ಒಂಬತ್ತನೇ ವಾರ, ನಾನು ಮಗ್ಗಿ ಹೇಳಿಸುತ್ತಿದ್ದಾಗ, ಬೆಟ್ಟ ಬಾಯಿಬಿಟ್ಟಿತು. ಮೋಡ ಎಡಕ್ಕೆ ತಿರುಗಲೇ ಇಲ್ಲ. ಬಲದಂಡೆ ಹಿಡಿದು ಇಳಿದು, ಶಾಲೆಯನ್ನು ಹೆಂಚಿನ ಸಮೇತ ನುಂಗಿ ಹೋಯಿತು. ಮಕ್ಕಳೆಲ್ಲ ಉಳಿದರು. ತಾಯಂದಿರು ಸಾಲುಗಟ್ಟಿ ಕಸಿರಾನರ ಕೈಯನ್ನು ಹಣೆಗೊತ್ತಿಕೊಂಡರು. ಅವರು ಮಾತ್ರ ಮಂಕಾಗಿ ನಿಂತಿದ್ದರು.

"ನನ್ನ ಮಾತು ಸುಳ್ಳಾಗ್ಲಿ ಅಂತ ಎಷ್ಟು ಬೇಡ್ಕೊಂಡೆ ಗೊತ್ತಾ?" ಎಂದರು ನನ್ನೊಡನೆ. "ಈಗ ಆ ದಾರಿ ಇನ್ನೂ ಸವೆದು ಸಲೀಸಾಯ್ತು."

ಬೂದಿ ಒಳ್ಳೇ ಗೊಬ್ಬರ. ಎರಡೇ ವರ್ಷಕ್ಕೆ ಅಲ್ಲಿ ಮೆಣಸಿನ ಗಿಡ ಸೊಂಟದೆತ್ತರ ಬೆಳೆದವು, ಮನೆಗಳೂ ಎದ್ದವು. ಜಾಗ ಶಾಲೆಯದೇ ಎಂದು ಹೊಸ ಕಟ್ಟಡವನ್ನೂ ಅಲ್ಲೇ ಕಟ್ಟಿದರು. ಕಸಿರಾನ್ ಬೇಡವೆಂದು ಮನೆಮನೆ ತಿರುಗಿದರು. ಅಂದು ಅವರ ಕೈ ಹಣೆಗೊತ್ತಿಕೊಂಡಿದ್ದವರೇ, "ಆಗೋದು ಆಗಿ ಹೋಯ್ತಲ್ಲ ಪಾಕ್, ಟೀ ಕುಡೀರಿ," ಎಂದು ಕಳಿಸಿದರು. ಗಂಡಹೆಂಡತಿ ಕಡಲ ಕಡೆಗೆ ಹೊರಟುಹೋದರು.

ನಾನು ಉಳಿದೆ, ಬೇರೆ ಕೆಲಸ ಗೊತ್ತಿಲ್ಲ. ಹೊಸ ಶಾಲೆಯಲ್ಲಿ ಈಗ ನೂರಾ ಹನ್ನೆರಡು ಮಕ್ಕಳಿದ್ದಾರೆ. ಬೆಟ್ಟದ ಕಡೆಯ ಕಿಟಕಿಯನ್ನು ನಾನು ಮುಚ್ಚಲು ಬಿಡುವುದಿಲ್ಲ.