ನೂರಾಹನ್ನೆರಡನೆಯ ಪುಟದ ಗುರುಗಳು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಗಳಲ್ಲಿ ಇತಿಹಾಸ ಬೋಧಿಸಿದವರನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ, ಇನ್ನೊಂದರಲ್ಲಿ ಈ ವರ್ಷ ನಿವೃತ್ತರಾಗುತ್ತಿರುವ ಶ್ರೀ ಖಾದರಬಾಷಾ ಅತ್ತಾರ ಗುರುಗಳ ಕನ್ನಡಕವೊಂದನ್ನೇ ಇಟ್ಟರೂ ತಟ್ಟೆ ಕನ್ನಡಕದ ಕಡೆಗೇ ವಾಲುವುದು. ಸಂದೇಹವಿದ್ದವರು ತಕ್ಕಡಿ ತರಲಿ.

ಹಳೆಯ ಬಾಗಲಕೋಟೆಯ ವಾಚನಾಲಯದಲ್ಲಿ ಬಾಲಕ ಖಾದರಬಾಷಾ ಓದದೆ ಬಿಟ್ಟದ್ದು ಗೋಡೆಯ ಹಲ್ಲಿಯನ್ನು ಮಾತ್ರ. ಅಲ್ಲಿದ್ದ ಜಿಲ್ಲಾ ವಿವರಣೆಯ ಪುಸ್ತಕವೊಂದರ ನೂರಾಹನ್ನೆರಡನೆಯ ಪುಟದಲ್ಲಿ ಘಟಪ್ರಭಾ ನದಿಗೆ ಇಳಿಯುವ ಮೆಟ್ಟಿಲುಗಳ ಘಟ್ಟದ ಚಿತ್ರವಿತ್ತು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ನವನಗರಕ್ಕೆ ಸಾಮಾನು ಸಾಗಿಸುವ ಗದ್ದಲದಲ್ಲಿ ಆ ಪುಸ್ತಕ ಕಳೆದುಹೋಯಿತು. ಹೋದರೇನು, ಗುರುಗಳು ತರಗತಿಯಲ್ಲಿ ಪ್ರತಿವರ್ಷವೂ ಆ ಪುಟವನ್ನು ಬರಿಗೈಯಲ್ಲೇ ತೆರೆಯುತ್ತಿದ್ದರು: "ಮ್ಯಾಲಿಂದ ಏಳನೇ ಮೆಟ್ಟಲಾ ನೋಡ್ರಿ. ಕೊಡಾ ಹೊತ್ತು ನಿಂತಾಕಿ ನಮ್ಮವ್ವ, ದೌಲತಬಿ." ಅವರ ಒಂಬತ್ತನೆಯ ವಯಸ್ಸಿನಲ್ಲೇ ತೀರಿಕೊಂಡ ಆ ತಾಯಿಯ ಬೇರೊಂದು ಚಿತ್ರ ಭೂಮಿಯ ಮೇಲಿರಲಿಲ್ಲ.

೨೦೦೫ರಲ್ಲಿ ಶಾಲೆಗೆ ಅಂತರ್ಜಾಲ ಬಂದಿತು. ಡಿಜಿಟಲ್ ಗ್ರಂಥಾಲಯಗಳನ್ನು ಗುರುಗಳು ಜಾಲಾಡಿದ ಪರಿಗೆ ಕಂಪ್ಯೂಟರೇ ದಣಿದು ರಜೆ ಕೇಳಿತು. ಐಹೊಳೆಯ ಪಾಠಕ್ಕೆ ಗುಡಿಗಳ ನಕಾಶೆ, ಕೂಡಲಸಂಗಮದ ಪಾಠಕ್ಕೆ ಹಳೆಯ ಛಾಯಾಚಿತ್ರಗಳು ದೊರೆತವು. ಬೇಕಾದ ಪುಸ್ತಕ ದೊರೆತದ್ದು ಮಾತ್ರ ಮೂರನೆಯ ವರ್ಷ. ಅದನ್ನು ಅವರು ತಾವೊಬ್ಬರೇ ನೋಡಲಿಲ್ಲ. ಹೊಸ ಇಳಕಲ್ಲ ಸೀರೆಯ ಮಡಿಕೆ ಬಿಚ್ಚುವಂತೆ ಇಡೀ ಹತ್ತನೆಯ ತರಗತಿಯ ಎದುರು ತೆರೆದರು. ಪುಟ ಗೆರೆಗೆರೆಯಾಗಿ, ಬಸವನಹುಳುವೇ ಬೇಸತ್ತು ಎದ್ದುಹೋಗುವಷ್ಟು ನಿಧಾನವಾಗಿ ಇಳಿಯಿತು. ಗುಡಿಯ ಶಿಖರ ಬಂತು, ಬೇವಿನ ಮರ ಬಂತು, ಐದನೆಯ, ಆರನೆಯ, ಏಳನೆಯ ಮೆಟ್ಟಿಲೂ ಬಂತು.

ಮೆಟ್ಟಿಲು ಬರಿದಾಗಿತ್ತು.

ಗುರುಗಳು ಕನ್ನಡಕ ಒರೆಸಿ ಮತ್ತೆ ನೋಡಿದರು. "ಆಕಿ ಇಲ್ಲೇ ಇದ್ಲಲ್ರೋ..." ಕಣ್ಣಾರೆ ಕಂಡೆನೆಂದು ನಲವತ್ತು ವರ್ಷ ನಂಬಿದ್ದ ಚಿತ್ರವನ್ನು ತಾಯಿಗಾಗಿ ಹಂಬಲಿಸಿದ ಮನಸ್ಸೇ ಬರೆದಿತ್ತು.

ಹಿಂದಿನ ಬೆಂಚಿನ ಅಫ್ಸರ ಪಿಸುಗುಟ್ಟಿದ: "ಸರ್ ಸುಳ್ಳ ಹೇಳ್ಯಾರಲೇ!"

ನೇಕಾರರ ಮನೆಯ ಚೇತನಾ ತಿರುಗಿ ಗದರಿದಳು: "ಸುಮ್ಮ ಕುಂಡ್ರೋ, ದೊಡ್ಡ ಶ್ಯಾಣ್ಯಾ! ಸರ್, ಫೋಟೋದಾಂವ ಬರೂದು ತಡಾ ಆಗೇತ್ರಿ. ಅಷ್ಟೊತ್ತಿಗೆ ಅವ್ವಾರು ನೀರ ತುಂಬಕೊಂಡು ಮನಿಗೆ ಹೋಗ್ಯಾರ."

ಗುರುಗಳು, "ಖರೇ ಐತಿ ಬಿಡವಾ," ಎಂದರು. ಮರುದಿನ ಆ ಪುಟವನ್ನು ದೊಡ್ಡದಾಗಿ ಮುದ್ರಿಸಿ ತಂದು, ಘಟ್ಟಕ್ಕೆ ನೀರಿಗೆ ಬರುತ್ತಿದ್ದವರ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ಅದರ ಮೆಟ್ಟಿಲುಗಳ ಮೇಲೆ ಬರೆಯಲು ಹೇಳಿದರು. ಶಿವಬಸವ್ವ, ರಂಜಾನಬಿ, ಶೇಖವ್ವ... ಮುಳುಗಿದ ಊರೇ ಎದ್ದುಬಂದು, ಮೆಟ್ಟಿಲು ಸಾಲದೆ ಹಾಳೆಯ ಅಂಚಿನಲ್ಲೂ ನಿಂತಿತು. ಏಳನೆಯ ಮೆಟ್ಟಿಲಿನ ಮೇಲೆ ಮಾತ್ರ ಯಾರೂ ಬರೆಯಲಿಲ್ಲ, ಅಫ್ಸರನೂ.

ಗುರುಗಳು ನೂರಾಹನ್ನೆರಡು ವರ್ಷ ಬಾಳಲಿ, ಒಂದು ಕಡಿಮೆಯಾದರೂ ಶಿಷ್ಯರಾದ ನಾವು ಒಪ್ಪೆವು. ಕಳೆದ ಪುಸ್ತಕಗಳು ಇನ್ನೂ ಇವೆ, ಹುಡುಕುತ್ತಿರಲಿ. ಮನೆ ಸೇರಿ ಕೊಡ ಇಳಿಸಿ ಮಗನ ದಾರಿ ನೋಡುತ್ತಿರುವ ಆ ತಾಯಿ ಇನ್ನೂ ಬಹುಕಾಲ ಕಾಯಲಿ.